ಹೀರೆ ಬಳ್ಳಿಯ ಚಪ್ಪರ

ಮಿರಜ ಬಸ್‌ಸ್ಟ್ಯಾಂಡಿನಲ್ಲಿ ಸಾಂಗ್ಲಿ ಬಸ್ಸಿಗೆ ಕಾಯುತ್ತಿದ್ದ ಮುಕ್ತಾಳ ಪಕ್ಕದಲ್ಲೇ, ಬಿದಿರುಕೋಲುಗಳ ಕಟ್ಟು ಹಿಡಿದಿದ್ದ ಪಾಂಡುರಂಗ ಹೆಂಡತಿಗೆ ಹಿತ್ತಲಿನ ಯೋಜನೆ ಹೇಳುತ್ತಿದ್ದ.

“ಕುಂದಾ, ಗ್ವಾಡಿಗುಂಟ ಎತ್ತರಕ ಚಪ್ಪರ ಹಾಕಿ ಹೀರಿಬಳ್ಳಿ ಹಬ್ಬಸ್ತೀನಿ. ಅಣ್ಣನ ಮನಿ ಕಾಣಬಾರದು.”

“ಭಾಳ ಶಾಣ್ಯಾ ಅದೀರಿ. ಆ ಕಡೆ ಹೋಗಬ್ಯಾಡಂತ ಬಳ್ಳಿಗೂ ಹೇಳೀರೇನು?”

“ಹೋದ್ರ ಕತ್ತರಸ್ತೀನಿ.”

“ಗ್ವಾಡಿ ಆಚಿಗೆ ಕೈ ಮುಟ್ಟತೈತೇನ್ರಿ? ನೀರು ಹಾಕೂದು ನಾವು, ಕಾಯಿ ಹರಿಯೂದು ಅಣ್ಣನ ಮನಿ ವೈನಿ.”

“ನಾನs ಹೋಗಿ ಹರಕೊಂಡು ಬರ್ತೀನಿ!”

“ಹೋಗ್ರಿ. ಅಣ್ಣ ಜಡ್ಡಾಗಿ ಮಲಗಿದಾಗ ಹೋಗಲಿಲ್ಲ, ಹೀರೀಕಾಯಿ ಸಲುವಾಗಿ ಹೋಗ್ರಿ.”

ಅಲ್ಲಿಯವರೆಗೆ ನಗು ತಡೆದುಕೊಂಡಿದ್ದ ಮುಕ್ತಾ ಈಗ ಮುಖ ತಿರುಗಿಸಿದಳು. ಬಸ್ಸು ಬಂತು.

“ಈಗ ಹ್ಯಾಂಗದಾನಂತ?” ಪಾಂಡುರಂಗ ಮೆಲ್ಲಗೆ ಕೇಳಿದ.

“ನನ್ನ ಯಾಕ ಕೇಳ್ತೀರಿ? ನಡುವ ಬರೇ ಒಂದು ಗ್ವಾಡಿ ಐತಿ,” ಎನ್ನುತ್ತ ಕುಂದಾ ಬಸ್ ಹತ್ತಿದಳು.