ಕಾಮಣಿ ಸರ ಹಾಕಿಕೊಂಡವಳು

ಹೋದ ಚಳಿಗಾಲದ ಮಾತು. ನಮ್ಮ ಪಕ್ಕದ ತೋಟದ ಚಿದಾನಂದ, ಬನಹಟ್ಟಿ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು, ಜಮಖಂಡಿಯಿಂದ ಕಡೇ ಬಸ್ಸಿಗೆ ಬಂದಿಳಿದ. ಆಟೋ ಒಂದೂ ಇಲ್ಲ. ತೋಟದ ಮನೆಗೆ ನಡೆದೇ ಹೊರಟ. ದೂರದಲ್ಲಿ ಮಗ್ಗಗಳು ಖಟಕ್ ಖಟಕ್... ಖಟಕ್ ಖಟಕ್... ಅನ್ನುತ್ತಿದ್ದವು. ಅಂಗಿ ಜೇಬಿನಲ್ಲಿ ಒಂದು ಸಣ್ಣ ಬಾಟಲಿ. ಅದರೊಳಗೆ ತಂಗಿ ರಂಜನಾಳ ಪಿತ್ತಕೋಶದಿಂದ ತೆಗೆದ ಹರಳು. ಅವ್ವನಿಗೆ ತೋರಿಸಬೇಕೆಂದು ಡಾಕ್ಟರರನ್ನು ಕೇಳಿ ತಂದಿದ್ದ. ಹೆಜ್ಜೆಗೊಮ್ಮೆ ಟಿಣ್... ಟಿಣ್... ತಂಗಿ ಉಳಿದಿದ್ದಳು, ಮನುಷ್ಯ ಖುಷಿಯಲ್ಲಿದ್ದ.

ಖುಷಿಪಡಲಿ ಬಿಡಿ. ಆದರೆ ಅವನ ಹೆಂಡತಿ ವೈಶಾಲಿಗೂ ಹಿಂದಿನ ವರ್ಷ ಇದೇ ಬೇನೆ. ಹರಳು ಪಿತ್ತನಾಳಕ್ಕೆ ಜಾರಿ ಸಿಕ್ಕಿಕೊಂಡು ಕಾಮಣಿ ಏರಿತ್ತು. ಕಣ್ಣು, ಉಗುರು ಎಲ್ಲ ಹಳದಿ. ತಡ ಮಾಡದೆ ತೆಗೆಸಿ ಅಂದಿದ್ದರು ಡಾಕ್ಟರು. ಅವನ ಅವ್ವ ತಂಗೆವ್ವ, ಸೊಸೆಯ ಹೊಟ್ಟೆಗೆ ಕತ್ತರಿ ಬೇಡ ಅಂದಳು. ಬಳ್ಳಿಯ ತುಂಡು ಪೋಣಿಸಿದ ಕಾಮಣಿ ಸರ ತರಿಸಿ ಕೊರಳಿಗೆ ಹಾಕಿದರು. ಸರ ದಿನದಿನಕ್ಕೆ ಉದ್ದವಾಗುತ್ತದೆ, ಹೊಕ್ಕುಳ ದಾಟಿದರೆ ಕಾಮಣಿ ಇಳಿಯಿತು ಎಂದು ಕೊಟ್ಟವನ ಮಾತು. ಅವಳು ಹೊಟ್ಟೆ ಹಿಡಿದು ಹೊರಳುತ್ತಿದ್ದರೆ ಇವನು ಸರ ಎಲ್ಲಿಗೆ ಬಂತೆಂದು ನೋಡುತ್ತ ಕೂತ. ಹೊಕ್ಕುಳ ದಾಟಿದ ದಿನವೇ ಜೀವ ಹೋಯಿತು. ಮುಂದೆ ಮಗಳು ರಂಜನಾಳ ಕಣ್ಣು ಹಳದಿಯಾದಾಗ ಅದೇ ತಂಗೆವ್ವ, "ಸುಮ್ನ ಯಾಕ ನಿಂತೀಯೋ, ಗಾಡಿ ತರಸು" ಅಂದಳು. ಸರದ ಮಾತೇ ಬರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಆಲದ ಮರದ ಹತ್ತಿರ ಬಂದ. ಪಕ್ಕದಲ್ಲೇ ಹಾಳುಬಾವಿ. ಮಗ್ಗಗಳು ಒಮ್ಮೆಲೇ ನಿಂತವು... ಕರೆಂಟ್ ಹೋಗಿರಬೇಕು. ಆಗ ಬೆನ್ನ ಹಿಂದೆ ಸದ್ದು. ಸರ್... ಸರ್... ಒಣ ಕಡ್ಡಿ ನೆಲಕ್ಕೆ ಎಳೆದಂತೆ. ಇವನು ನಿಂತರೆ ಅದೂ ನಿಲ್ಲುತ್ತದೆ.

"ರೀ..."

ದನಿಯ ಗುರುತು ಸಿಕ್ಕಿತು. ತಿರುಗಿದ. ವೈಶಾಲಿ. ಕೊರಳಿನ ಸರ ಪಾದ ದಾಟಿ ಮಣ್ಣಿನಲ್ಲಿ ಬಿದ್ದಿತ್ತು.

"ರಂಜನಾ ಹೆಂಗದಾಳ್ರಿ?" ಪಿಸುಗುಟ್ಟಿದಳು.

"ಆರಾಮ... ಅದಾಳ."

"ಆಪರೇಷನ್ ಆತೇನ್ರಿ?"

"ಹೂಂ."

"ಭಾಳ ತ್ರಾಸ ಆತೇನ್ರಿ ಆಕಿಗಿ?"

"ಇಲ್ಲ... ಮಲಗಿಸಿ ಮಾಡಿದ್ರು. ಆಕಿಗಿ ಗೊತ್ತಾಗಲಿಲ್ಲ."

ಅವಳು ಕೈ ಚಾಚಿದಳು. ಇವನು ಬಾಟಲಿ ತೆಗೆದುಕೊಟ್ಟ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಟಿಣ್... ಆಮೇಲೆ ಅವನ ಬಲ ಅಂಗೈಯಲ್ಲಿ ವಾಪಸ್ ಇಟ್ಟಳು. ಬೆರಳು ತಣ್ಣಗೆ ತಾಗಿದವು.

"ಇಷ್ಟೇ ಏನ್ರಿ?"

ಬೈಯಲಿಲ್ಲ, ಅಳಲಿಲ್ಲ. ಅಷ್ಟೇ ಕೇಳಿದಳು. ಇವನು ತಲೆ ತಗ್ಗಿಸಿದ. ಎತ್ತಿ ನೋಡಿದರೆ ಯಾರೂ ಇಲ್ಲ... ದೂರದಲ್ಲಿ ಮಗ್ಗಗಳು ಮತ್ತೆ ಶುರುವಾಗಿದ್ದವು.

ಬೆಳಿಗ್ಗೆ ಆ ಅಂಗೈ ಹಳದಿ. ಮೈಯೆಲ್ಲ ಸರಿ, ಅದೊಂದೇ ಅಂಗೈ. ಸಾಬೂನು ಹಚ್ಚಿದ, ಹುಣಸೆಹಣ್ಣು ತಿಕ್ಕಿದ, ಹೋಗಲಿಲ್ಲ. ರಕ್ತ ತಪಾಸಣೆ ಮಾಡಿಸಿದ. ಕಾಮಣಿ ಇಲ್ಲ, ಲಿವರ್ ಚಲೋ ಇದೆ ಅಂದರು.

ಇದನ್ನು ಯಾರೋ ಹೇಳಿದ್ದು ಕೇಳಿ ಹೇಳುತ್ತಿಲ್ಲ, ಖರೆ. ಮೊನ್ನೆ ಅಂಗಡಿ ತೆರೆಯುವ ಹೊತ್ತಿಗೇ ಸೀರೆ ತರಲು ಹೋಗಿದ್ದೆ. ಬಲಗೈ ಮುಷ್ಟಿ ಬಿಚ್ಚಲಿಲ್ಲ ಅವನು. ಬೋಣಿಗೆಯ ರೊಕ್ಕ ಎಡಗೈಯಲ್ಲಿ ಇಸಿದುಕೊಂಡ.