ಗಾಳಿಯಲ್ಲಿ ಬಿಗಿದ ಬೋಲ್ಟು

ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಇಲ್ಲಿ ಇಂಟರ್ವಲ್ ಇಲ್ಲ. ಕೊನೆಗೆ ಪ್ರಸಾದ ಇದೆ, ಅಲ್ಲಿಯವರೆಗೆ ಯಾರೂ ಏಳುವ ಹಾಗಿಲ್ಲ. ಇಷ್ಟೊತ್ತು ಸಂಸಾರದಲ್ಲಿ ಹೊಂದಾಣಿಕೆ ಬೇಕು ಅಂತ ಹೇಳಿದೆ, ನೀವೂ ತಲೆ ಆಡಿಸಿದಿರಿ. ತಲೆ ಆಡಿಸುವುದು ಬಹಳ ಸುಲಭ ನೋಡಿ. ಅದಕ್ಕೇ ಈಗ ಒಂದು ಕಥೆ.

ಒಬ್ಬ ಶ್ರೀಮಂತ ಇದ್ದ ಅಂತ ಇಟ್ಟುಕೊಳ್ಳಿ. ಊರು ಯಾವುದು, ಹೆಸರೇನು ಅಂತ ಕೇಳಬೇಡಿ. ಹೇಳಿದರೆ ನಿಮ್ಮ ಪಕ್ಕದಲ್ಲಿ ಕೂತವರೇ ಎದ್ದು ಹೋದಾರು! ಅವನ ಹತ್ತಿರ ಅಪ್ಪನ ಕಾಲದ ಒಂದು ಕಾರಿತ್ತು. ದುಂಡು ಮೂಗು, ದುಂಡು ದೀಪ. ಹಳೇ ಸಿನಿಮಾದಲ್ಲಿ ನಾಯಕಿಯ ಅಪ್ಪ ಪೈಪು ಸೇದುತ್ತ ಇಳಿಯುತ್ತಾನಲ್ಲ, ಅಂಥ ಕಾರು. ವರ್ಷಗಟ್ಟಲೆ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಮಗನ ಮದುವೆ ಗೊತ್ತಾದದ್ದೇ ತಡ, ಸೊಸೆಯನ್ನು ಇದೇ ಕಾರಿನಲ್ಲಿ ಮನೆ ತುಂಬಿಸಿಕೊಳ್ಳುತ್ತೇನೆ ಅಂತ ಹಟ ಹಿಡಿದ. ಅಪ್ಪನ ಕಾರಿಗೆ ಬೇರೆಯವರ ಕೈ ತಾಗಬಾರದು. ತಾನೇ ಮೊಬೈಲಿನಲ್ಲಿ ವಿಡಿಯೊ ನೋಡಿದ, ತಾನೇ ನಟ್ಟು ಬೋಲ್ಟು ತಿರುವುವ ಪಾನಾ ಹಿಡಿದ, ತಾನೇ ಅಂಗಾತ ಮಲಗಿ ಕಾರಿನ ಮುಂಭಾಗವನ್ನೆಲ್ಲ ಬಿಚ್ಚಿ ಹರಡಿದ.

ತಾಯಂದಿರೇ, ಹೆದರಬೇಡಿ. ಕಾರಿನ ಪಾಠ ಎರಡೇ ಮಾತು. ಮುಂದಿನ ಚಕ್ರಗಳನ್ನು ಕಬ್ಬಿಣದ ತೋಳುಗಳು ಹಿಡಿದಿರುತ್ತವೆ. ತೋಳಿನ ಬುಡದಲ್ಲಿ, ನಮ್ಮ ಭುಜದ ಕೀಲಿನ ಹಾಗೆ, ರಬ್ಬರಿನ ಬುಷ್. ಅದರ ನಡುವೆ ಬೋಲ್ಟು. ಬೋಲ್ಟು ಬಿಗಿದ ಗಳಿಗೆಯಲ್ಲಿ ತೋಳು ಎಲ್ಲಿರುತ್ತದೋ ಅದೇ ತನ್ನ ಜಾಗ ಅಂತ ರಬ್ಬರು ನಂಬಿಬಿಡುತ್ತದೆ. ಅಷ್ಟೇ, ಪಾಠ ಮುಗಿಯಿತು.

ಕಾರು ಇನ್ನೂ ಸ್ಟ್ಯಾಂಡಿನ ಮೇಲಿತ್ತು. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಶ್ರೀಮಂತ ಬೋಲ್ಟು ಬಿಗಿಯತೊಡಗಿದ. ಚಹಾ ತಂದ ಹೆಂಡತಿಯ ಕಣ್ಣು ವಿಡಿಯೊ ಓಡುತ್ತಿದ್ದ ಮೊಬೈಲಿನ ಮೇಲೆ ಬಿತ್ತು.

"ಅಲ್ರೀ, ಗಾಡಿ ನೆಲಕ್ಕ ಇಳಿಸ್ರಿ, ಭಾರ ಕೂಡಲಿ, ಆಮ್ಯಾಲೆ ಬಿಗಿ ಮಾಡ್ರಿ ಅಂತ ತೋರಸಲಿಕ್ಕತ್ತಾನಲ್ರೀ ಅವಾ?"

"ಅವನ ಊರಾಗ ಮುಹೂರ್ತ ಎಲ್ಲದ? ನಿಂಬಿಹಣ್ಣು ಎಲ್ಲದ? ನನ್ನ ಗಾಡಿ ಮೊದಲ್ನೇ ಸಲ ನೆಲಾ ಮುಟ್ಟೂದು ನಿಂಬಿಹಣ್ಣಿನ ಮ್ಯಾಲೇನ. ದಿಬ್ಬಣದ ಮಂದಿ ಎಲ್ಲಾ ನಿಂತಿರ್ತಾರ. ಆಗ ರೇಷ್ಮಿ ಧೋತರ ಉಟ್ಕೊಂಡು ಗಾಡಿ ಕೆಳಗ ನುಸೀಲೇನು ನಾನು?"

"ಮತ್ತ ರಬ್ಬರು?"

"ರಬ್ಬರ್ ಅಲ್ಲೇನ? ಹೊಂದಿಕೋತದ ತಗೋ!"

ಹೊಂದಿಕೊಳ್ಳುತ್ತದೆ! ಈ ಮಾತನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಹೋಗುವಾಗ ಜೇಬು ತಪಾಸಣೆ ಮಾಡುತ್ತೇನೆ.

ಅದೇ ವಾರ ಅವನು ಇನ್ನೊಂದು ಬೋಲ್ಟು ಬಿಗಿದ. ಅವರ ಮನೆತನದಲ್ಲಿ ಬರುವ ಸೊಸೆಗೆ ಹೊಸ ಹೆಸರಿಡುವ ಪದ್ಧತಿ. ತಟ್ಟೆಯ ಅಕ್ಕಿಯಲ್ಲಿ ವರ ಉಂಗುರದಿಂದ ಬರೆಯುತ್ತಾನೆ. ಹುಡುಗಿಯ ಹೆಸರು ಅನಘಾ. ಶ್ರೀಮಂತ ಆರಿಸಿದ್ದು ಭಾಗೀರಥಿ, ತೀರಿಹೋದ ತನ್ನ ತಾಯಿಯ ಹೆಸರು. ಕೆಟ್ಟ ಮನಸ್ಸಲ್ಲ ನೋಡಿ. ಆ ಹೆಸರು ಮನೆಯಲ್ಲಿ ಮತ್ತೊಮ್ಮೆ ಕೇಳಿಸಲಿ ಅನ್ನುವ ಆಸೆ, ಪ್ರೀತಿಯೇ. ಮಗ ಮೆಲ್ಲಗೆ ಕೇಳಿದ, "ಅಪ್ಪಾ, ಅಕಿಗೆ ಒಂದು ಮಾತು ಕೇಳೋಣೇನು?"

"ಅಕಿ ಇನ್ನೂ ಮನಿಗೇ ಬಂದಿಲ್ಲಲೋ. ಏನಂತ ಕೇಳ್ತಿ?"

ಬಂದಿಲ್ಲ, ಅದಕ್ಕೇ ಕೇಳುವುದಿಲ್ಲ. ಆದರೆ ಹೆಸರು ಮಾತ್ರ ಆಗಲೇ ಬಿಗಿ! ಇದು ಯಾವ ನ್ಯಾಯ?

ಮುಹೂರ್ತಕ್ಕೆ ಸರಿಯಾಗಿ ಕಾರು ನಿಂಬೆಹಣ್ಣಿನ ಮೇಲೆ ಇಳಿಯಿತು. ಚಪ್ಪಾಳೆ, ವಾಲಗ. ಮೂಗು ಸ್ವಲ್ಪ ಮೇಲೆತ್ತಿಕೊಂಡು ನಿಂತಿತ್ತು, "ನಮ್ಮ ಗಾಡಿಗೆ ಗತ್ತು ನೋಡ್ರೋ" ಅಂತ ಅವನೇ ಹೆಮ್ಮೆಪಟ್ಟ. ಮದುವೆ ಮುಗಿಸಿ ವಾಪಸು ಬರುವಾಗ ಹೀರೋ ಎಂಟ್ರಿ ಆಗಬೇಕಿತ್ತಲ್ಲ? ಆಯಿತು. ಕಾರು ಎಡಕ್ಕೆ ಎಳೆಯಿತು. ಇವನು ಬಲಕ್ಕೆ ಜಗ್ಗಿದ. ಕಾರು ಮತ್ತೆ ಎಡಕ್ಕೆ. ಫೋಟೊದವನಿಗೆ ಹಲ್ಲು ತೋರಿಸುತ್ತ, ಒಳಗೊಳಗೇ ತೋಳು ಬಿಗಿಹಿಡಿದು ಹೇಗೋ ಮನೆಯ ಬಾಗಿಲಿಗೆ ತಂದ. ಅಷ್ಟರಲ್ಲಿ ಕಾರು ಹೋಗಿ ಬ್ಯಾಂಡಿನವರ ಡೋಲಿಗೆ ಮುತ್ತು ಕೊಟ್ಟೇಬಿಟ್ಟಿತು! ಹಿಂದಿನ ಸೀಟಿನಲ್ಲಿ ಮದುಮಗಳು ಬಾಗಿಲ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಆಮೇಲೆ ಶುರುವಾಯಿತು ರಿಪೇರಿ. ಟಯರು ಬದಲಾಯಿಸಿದ. ಎಡಕ್ಕೆ. ಸ್ಟೀರಿಂಗ್ ಬಾಕ್ಸು ಬದಲಾಯಿಸಿದ. ಎಡಕ್ಕೆ. ಅಂಗಡಿಗೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದ, ನಾಲ್ಕು ಗುಂಡಿ ದಾಟುವುದರೊಳಗೆ ಮತ್ತೆ ಎಡಕ್ಕೆ! ರಸ್ತೆ ಸರಿ ಇಲ್ಲ ಅಂದ, ಟಯರು ಮಾರಿದವನು ಸರಿ ಇಲ್ಲ ಅಂದ. ಎಲ್ಲರೂ ವಿಲನ್‌ಗಳೇ, ತಾನೊಬ್ಬ ಬಿಟ್ಟು.

ಮನೆಯೊಳಗೂ ಅದೇ ಕಥೆ. "ಭಾಗೀರಥೀ" ಅಂತ ಕರೆದರೆ ಸೊಸೆ ತಿರುಗಿ ನೋಡುತ್ತಿರಲಿಲ್ಲ. ಮತ್ತೊಮ್ಮೆ ಕರೆದಾಗ ಬೆಚ್ಚಿಬಿದ್ದು ಓಡಿ ಬರುತ್ತಿದ್ದಳು. "ನನಗ ಕರೆದ್ರೇನ್ರೀ ಮಾವಾರ?" ಹುಡುಗಿಗೆ ಅಸಡ್ಡೆ ಅಂತ ಶ್ರೀಮಂತನಿಗೆ ಸಿಟ್ಟು. ಬರಬರುತ್ತ ಅವಳ ಮಾತು ಕಡಿಮೆಯಾಯಿತು, ನಗು ಕಡಿಮೆಯಾಯಿತು. ಹಬ್ಬಕ್ಕೆ ಅಂತ ತವರಿಗೆ ಹೋದವಳು ಹಬ್ಬ ಮುಗಿದರೂ ಬರಲಿಲ್ಲ. ಬೀಗರು ಫೋನಿನಲ್ಲಿ, "ಇನ್ನಷ್ಟು ದಿನ ಇರಲಿ ಬಿಡ್ರಿ" ಅಂದರು. ಆ ದನಿಯಲ್ಲಿ ಏನೋ ಇತ್ತು.

"ಏನಂತಾಳೋ ನಿನ್ನ ಹೆಂಡ್ತಿ? ಬರ್ತಾಳೋ ಇಲ್ಲೋ?" ಅಂತ ಮಗನನ್ನು ಕೇಳಿದ.

"ಅಕಿ ಏನೂ ಅನ್ನೂದಿಲ್ಲಪ್ಪಾ. ಅದಕ್ಕ ನನಗ ಅಂಜಿಕಿ ಬಂದದ."

ಶ್ರೀಮಂತನ ಸಿಟ್ಟೆಲ್ಲ ಕಾರಿನ ಮೇಲೆ ತಿರುಗಿತು. ಈ ಬುಷ್‌ಗಳೇ ಖೊಟ್ಟಿ ಮಾಲು, ಕಿತ್ತು ಎಸೆಯುತ್ತೇನೆ ಅಂತ ಕಾರನ್ನು, ಈ ರಿಪೇರಿಗೆ ಅಂತಲೇ ಶೆಡ್ಡಿನಲ್ಲಿ ತೋಡಿಸಿದ್ದ ಗುಂಡಿಯ ಮೇಲೆ ನಿಲ್ಲಿಸಿ ಒಳಗಿಳಿದ. ಹೆಂಡತಿ ಬಾಗಿಲಲ್ಲಿ ಕೂತು ನಾರು ತೆಗೆಯುತ್ತ ಚವಳಿಕಾಯಿ ಸೋಸುತ್ತಿದ್ದಳು. ಇವನು ಎಡಗಡೆಯ ಬೋಲ್ಟಿಗೆ ಪಾನಾ ಹಾಕಿ ಜೋರಾಗಿ ತಿರುವಿದ. ಬೋಲ್ಟು ಸಡಿಲವಾದದ್ದೇ ತಡ, "ಕರ್ರ್" ಅಂತ ಒಂದು ಸದ್ದು. ಗತ್ತಿನಿಂದ ಮೇಲೆದ್ದಿದ್ದ ಕಾರಿನ ಮೂಗು ಉಸಿರು ಬಿಟ್ಟ ಹಾಗೆ ನಿಧಾನವಾಗಿ ಕೆಳಗೆ ಕೂತಿತು.

"ಏನಾತ್ರೀ?"

"ರಬ್ಬರು... ಇಷ್ಟು ದಿನಾ ತಿರುಚಿಕೊಂಡ ನಿಂತಿತ್ತು. ಜೋತಾಡುವಾಗ ಬಿಗಿದಿದ್ನಲ್ಲ, ಆ ಜಾಗಾಕ್ಕೇನ ಎಳೀತಿತ್ತು."

"ಹೊಂದಿಕೋತದ ಅಂದಿದ್ರಿ."

"ಅಂದಿದ್ದೆ."

ಹೆಂಡತಿಯ ಕೈ ನಿಂತಿತು. "ಒಂದು ಕೇಳ್ತೀನಿ. ನನ್ನ ಹೆಸರು ಏನಿತ್ರೀ?"

"ಏನಂದ್ರ? ಸುಮಿತ್ರಾ."

"ಅದು ನಿಮ್ಮವ್ವ ಇಟ್ಟದ್ದು. ಅದಕ್ಕಿಂತ ಮೊದಲ? ಶಾಲಿಯೊಳಗ ಹಾಜರಿಗೆ ಕರೀತಿದ್ದ ಹೆಸರು?"

ಗುಂಡಿಯೊಳಗೆ ನಿಂತು ಅವನು ಹುಡುಕಿದ. ಅವಳ ತವರಿನಲ್ಲಿ ಎಲ್ಲರೂ "ತಂಗೀ" ಅನ್ನುತ್ತಿದ್ದರು. ಲಗ್ನಪತ್ರಿಕೆಯಲ್ಲಿ ಒಮ್ಮೆ ಓದಿದ್ದ. ನೆನಪಾಗಲಿಲ್ಲ. ಮಗ ಹುಟ್ಟಿ, ಬೆಳೆದು, ಮಗನಿಗೆ ಮದುವೆಯೂ ಆಯಿತು. ಹೆಂಡತಿಯ ಹೆಸರು ನೆನಪಾಗಲಿಲ್ಲ!

"ಹೊಂದಿಕೊಂಡಾಳ ಅಂತ ಎಲ್ಲಾರೂ ತಿಳಕೊಂಡ್ರಿ," ಅಂದಳು ಅವಳು, ಚವಳಿಕಾಯಿ ನೋಡುತ್ತಲೇ. "ಯಾರೂ ಒಮ್ಮೆ ಸಡಲ ಮಾಡಿ ನೋಡಲಿಲ್ಲ."

ಈ ಡೈಲಾಗಿಗೆ ಹಿನ್ನೆಲೆ ಸಂಗೀತ ಬೇಕಾ? ಬೇಡ. ಮುಂದೆ ಕೇಳಿ.

ಅವನು ಎಲ್ಲ ಬೋಲ್ಟುಗಳನ್ನೂ ಸಡಿಲಿಸಿದ. ಮಗನನ್ನು ಕಾರಿನಲ್ಲಿ ಕೂರಿಸಿದ. ಹೆಂಡತಿಯನ್ನು ಯಾವ ಹೆಸರಿನಿಂದ ಕರೆಯಬೇಕು ಅಂತ ಗೊತ್ತಾಗಲಿಲ್ಲ. ಕೊನೆಗೆ "ಇಕೀ, ಬಾ, ನೀನೂ ಕೂಡು" ಅಂದ. ಕಾರು ನೆಲದ ಮೇಲಿತ್ತು, ಮನೆಯವರ ಭಾರ ಅದರ ಮೇಲಿತ್ತು. ರಬ್ಬರು ತನ್ನ ಜಾಗ ಕಂಡುಕೊಂಡಿತ್ತು. ಆಗ ಬಿಗಿದ. ಹಾದಿಯಲ್ಲಿ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ, ಹೆಂಡತಿ ಮಗನ ಸಮೇತ ಬೀಗರ ಊರಿನ ದಾರಿ ಹಿಡಿದ. ಖಾಲಿ ರಸ್ತೆಯಲ್ಲಿ ಸ್ಟೀರಿಂಗಿನ ಹಿಡಿತ ಒಂದಿಷ್ಟು ಸಡಿಲಿಸಿ ನೋಡಿದ. ಕಾರು ನೇರ ಹೋಯಿತು.

ಬೀಗರ ಬಾಗಿಲಲ್ಲಿ ನಿಂತು ಕರೆದ, "ಅನಘಾ..."

ಹೆಸರು ಮುಗಿಯುವ ಮೊದಲೇ ಒಳಗಿಂದ ದನಿ, "ಬಂದೆ!"

ಬಂದವಳು ಮಾವನನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಶ್ರೀಮಂತ ಅಂದ, "ನಿನಗ ಏನಂತ ಕರೀಬೇಕು ಅಂತ ನಾ ಕೇಳಲೇ ಇಲ್ಲವಾ. ನೀ ಬಂದ ಮ್ಯಾಲೆ ಕೇಳಬೇಕಾಗಿತ್ತು. ಈಗ ಕೇಳ್ತೀನಿ."

"ಅಜ್ಜಿ ಹೆಸರು ಬ್ಯಾಡ ಅಂತಲ್ರೀ ಮಾವಾರ. ಕರೆದಾಗೊಮ್ಮೆ ಹಿಂದ ಇನ್ನ್ಯಾರೋ ನಿಂತಾರ ಅನಸ್ತಿತ್ತು." ಹೊಸ್ತಿಲು ದಾಟಿ ಬಂದು, "ಅನಘಾ ಅನ್ರಿ" ಅಂದಳು. ಆಮೇಲೆ ಕಾರಿನ ಕಡೆ ಬಗ್ಗಿ ನೋಡಿದಳು. "ಅದು ಇನ್ನೂ ಎಡಕ್ಕ ಎಳೀತದೇನ್ರೀ? ಎಳೀತಿದ್ರ ನಾ ಬಸ್ಸಿಗೆ ಬರ್ತೀನಿ!"

ಕಾರಿನಲ್ಲೇ ಬಂದಳು. ಹಿಂದಿನ ಸೀಟಿನಲ್ಲಿ ಮಗ ಸೊಸೆ ಮಾತಾಡುತ್ತಿದ್ದರು, ಬಾಗಿಲ ಹಿಡಿಕೆ ತನ್ನ ಪಾಡಿಗೆ ಇತ್ತು. ಮುಂದೆ ಶ್ರೀಮಂತ ಹೆಂಡತಿಯ ಕಡೆ ವಾಲಿ ಮೆಲ್ಲಗೆ ಕೇಳಿದ, "ಈಗರೆ ಹೇಳ. ಏನಿತ್ತು ನಿನ್ನ ಹೆಸರು?" ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು.

ಏನಂತ ಹೇಳಿದಳು? ನಾನು ಹೇಳುವುದಿಲ್ಲ. ನಿಮಗೆ ಬೇಕಾದದ್ದು ಆ ಹೆಸರಲ್ಲ, ನಿಮ್ಮ ಮನೆಯಲ್ಲಿ ನೀವು ಮರೆತ ಹೆಸರು.

ಈಗ ಜೇಬಿಗೆ ಕೈ ಹಾಕಿ, ಆ ಮಾತು ತೆಗೆಯಿರಿ. ಹೊಂದಿಕೊಳ್ಳುತ್ತಾಳೆ, ಹೊಂದಿಕೊಳ್ಳುತ್ತಾನೆ. ಎಷ್ಟು ಜನರ ಬಗ್ಗೆ ಹೀಗಂದಿದ್ದೀರಿ? ಮಗು ಶಾಲೆಗೆ ಹೋಗುವ ಮೊದಲೇ ಅದು ಏನು ಓದಬೇಕು ಅಂತ ಬಿಗಿದಿಲ್ಲವೇ? ಹಳ್ಳಿಯಿಂದ ಅತ್ತೆ ಬಂದು ಕೂರುವ ಮೊದಲೇ ಅವರ ಕೋಣೆ, ಊಟದ ಹೊತ್ತು, ಟೀವಿಯ ಹೊತ್ತು ಎಲ್ಲ ಬಿಗಿದಿಲ್ಲವೇ? ಆಮೇಲೆ ಸಂಸಾರ ಒಂದು ಕಡೆಗೆ ಎಳೆದರೆ ಟಯರಿಗೆ ಬೈಯುತ್ತೀರಿ, ರಸ್ತೆಗೆ ಬೈಯುತ್ತೀರಿ, ಗ್ರಹಚಾರ ತೋರಿಸಲು ನನ್ನ ಹತ್ತಿರವೂ ಬರುತ್ತೀರಿ!

ನಿಂಬೆಹಣ್ಣು ಇಡಿ, ಬೇಡ ಅನ್ನುವುದಿಲ್ಲ. ಪದ್ಧತಿಯೂ ಇರಲಿ. ಆದರೆ ಮೊದಲು ಮನುಷ್ಯರು ಬಂದು ಕೂರಲಿ, ಅವರ ಭಾರ ನಿಮ್ಮ ಮನೆಯ ಮೇಲೆ ಬೀಳಲಿ, ಆಮೇಲೆ ಕೇಳಿ ಬಿಗಿಯಿರಿ. ಆಗಲೇ ಬಿಗಿದಿದ್ದೀರಾ? ಒಮ್ಮೆ ಸಡಿಲಿಸಿ. ಧೋತರಕ್ಕೆ ಕೊಳೆ ತಾಗುತ್ತದೆ, ತಾಗಲಿ.

ಇವತ್ತು ಪ್ರಸಾದ ತಗೊಂಡು ನೇರ ಮನೆಗೆ ಹೋಗಿ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದವಳ ಹತ್ತಿರ ಕೂತು ಕೇಳಿ, ನಿನ್ನನ್ನು ಕೇಳದೆ ನಾವು ಏನೇನು ಬಿಗಿದೆವು ಅಂತ. ಅವಳು ನಗಬಹುದು, ಬೈಯಬಹುದು, ಚವಳಿಕಾಯಿ ಸೋಸುತ್ತ ಸುಮ್ಮನೆ ಕೂರಬಹುದು. ನೀವು ಮಾತ್ರ ಎದ್ದು ಹೋಗಬೇಡಿ. "ಕರ್ರ್" ಅಂತ ಒಂದು ಸದ್ದು ಬರುತ್ತದೆ, ಅದು ಕೇಳುವ ತನಕ ಅಲ್ಲೇ ಕೂತಿರಿ.