ನಿನ್ನ ಕಾಲಿನ ಅಳತಿ

…ಹೌದ, ಕುಣಿಯೂ ಟ್ಯಾಪ್ ಬೂಟ ಅದಾವ. ಇಳಕಲ್ಲಾಗ ನನ್ನ ಅಂಗಡಿ ಬಿಟ್ರ ಇನ್ನೆಲ್ಲಿ ಸಿಗತಾವ? ಅದಕ್ಕ ಬಂದಿ. ಇಲ್ಲಾಂದ್ರ ಈ ಮಾದೇವಿ ನೆನಪ ಎಲ್ಲಿಂದ ಬರಬೇಕು ನಿನಗ! ಕುಂದ್ರು ಸುಮಾ, ನಿಂತ್ಯಾಕ? ಇವತ್ತ ನೀ ಗೆಳತಿ ಅಲ್ಲ, ಗಿರಾಕಿ. ಕಾಲ ಚಾಚು.

ಏ, ಯಾಕ ಎಳಕೊಂಡಿ? ನಮಸ್ಕಾರ ಬ್ಯಾಡ, ಬ್ಯಾಡ… ನನ್ನ ಕೈಗೆ ನಿನ್ನ ಕಾಲ ತಾಕೋದು ಹೊಸಾದೇನು? ದಿನಾ ಊರ ಮಂದಿ ಕಾಲ ಹಿಡ್ಯಾಕಿ ನಾ. ನೇಕಾರ ಮನಿ ಸೊಸಿ ಸೀರಿ ಬಿಟ್ಟು ಚಪ್ಪಲ ಮಾರ್ತಾಳಂತ ಓಣ್ಯಾಗ ನಗತಾರ. ನಕ್ಕೊಳ್ಳಲಿ.

ನೋಡಿದೆ ನಾ. ಬಸವೇಶ್ವರಿ ಸ್ಟೇಟಸ್ ಇಟ್ಟಿದ್ಲಲ್ಲ… ಹುನಗುಂದದ ಆ ಯೋಗಾ ಕ್ಲಾಸಿನಾಕಿ! "ನನ್ನ ಹೊಸಾ ಜೋಡಿ" ಅಂತ! "ಬಾಗಲಕೋಟಿ ಕಾಂಪಿಟೇಶನ್ನಿಗೆ ನಾವಿಬ್ಬರು" ಅಂತ! ಮುಖ ಕಾಣ್ತಿದ್ದಿಲ್ಲ, ಬರೇ ನಾಕ ಕಾಲ ಕುಣ್ಯಾಕತ್ತಿದ್ವು. ಆದ್ರ ನಿನ್ನ ಕಾಲ ನಾ ಗುರತ ಹಿಡಿಯಂಗಿಲ್ಲೇನು? ಎಡಗಾಲ ಹಿಮ್ಮಡ ಒಂಚೂರ ತಡಾ ಮಾಡಿ ಬೀಳತೈತಿ. ತಿದ್ದಿ ತಿದ್ದಿ ಸಾಕಾಗಿತ್ತು ನನಗ. ರೊಟ್ಟಿ ಮಾಡಾಕ ಕುಂತಿದ್ದೆ ನೋಡು… ಹಂಚಿನ ಮ್ಯಾಲಿಂದು ಕರ್ರಗಾತು, ಖಬರ ಇಲ್ಲ.

ಯಾಕ ನಗತಿ? ನಗೂದೇನೈತಿ ಇದರಾಗ?

ಅಲ್ಲ, ನನ್ನ ಮುಂದ ಬಂದು ಹೇಳಬೇಕಿತ್ತಿಲ್ಲೋ? "ಮಾದೇವಿ, ನೀ ಭಾಳ ಬೈತಿ, ನಿನ್ನ ಜೋಡಿ ಆಗಂಗಿಲ್ಲ" ಅಂದಿದ್ರ… ಬೈತಿದ್ದೆ. ಖರೆ, ಬೈತಿದ್ದೆ! ಆದ್ರ ಮಂದಿ ಸ್ಟೇಟಸ್ ನೋಡಿ ತಿಳೀಬೇಕಾ ನನಗ? ಉಂಡ ಮನಿಗೆ ಎರಡ ಬಗದಂಗ ಆತಲ್ಲ! ಬೂಟಿನ ತಳಕ್ಕ ಲೋಹದ ಪಟ್ಟಿ ಹಾಕ್ಕೊಂಡು ಟಕಾಟಕ ಕುಣ್ಯಾದು ಮೊಬೈಲಿನಾಗ ನೋಡಿ ಮೊದಲ ಹುಚ್ಚ ಹತ್ತಿದ್ದು ಯಾರಿಗೆ? ನನಗ. ನಮ್ಮೂರಾಗ ಎಲ್ಲಿ ನೋಡಿದ್ರೂ ಗ್ರಾನೈಟ್ ನೆಲ, ಪಟ್ಟಿ ಜಾರತೈತಿ, ಮೊಣಕಾಲ ಹೋಗತಾವ ಅಂತ ಅಂಗಡಿ ಮ್ಯಾಲಿನ ಖೋಲಿ ನೆಲಕ್ಕ ಕಟಗಿ ಹಲಗಿ ಬಡಿಸಿದಾಕಿ ಯಾರು? ಮಧ್ಯಾಹ್ನ ಶಟರ್ ಅರ್ಧಾ ಇಳಿಸಿ, ಅಂಗಡ್ಯಾಗಿನ ಬೂಟ ಹಾಕ್ಕೊಂಡು, ಇಬ್ಬರೂ ಸೀರಿ ಎತ್ತಿ ಕಟ್ಟಿ… ಕೆಳಗ ಗಿರಾಕಿ ಬಂದು "ಅಕ್ಕಾರ, ಮ್ಯಾಲ ಏನ್ ರಿಪೇರಿ ನಡದೈತ್ರಿ?" ಅಂತಿದ್ರು. ಬಾಯಿಗೆ ಸೆರಗ ತುರುಕಿ ನಗತಿದ್ದಿ ನೀ. ಮಾರಿ ಆ ಕಡೆ ತಿರುಗಿಸಬ್ಯಾಡ. ನಮ್ಮನಿಯವರು ಹೋದ ಮ್ಯಾಲ ನಾ ನಕ್ಕಿದ್ದು ಆ ಖೋಲ್ಯಾಗ ಅಷ್ಟ, ಸುಮಾ. ನಿನ್ನ ಜೋಡಿ ಅಷ್ಟ. ಅದನ್ನೂ ಕಸಗೊಂಡ ಹೋಗಿ ಆಕಿಗೆ ಕೊಟ್ಟಿ.

ಆತ ಬಿಡು. ದಂಧೆ ಮಾಡೂಣು.

ಇಕಾ, ಈ ಜೋಡ ನೋಡು. ಚರ್ಮದ ತಳಾ. ಹಿಮ್ಮಡ ಗಿಡ್ಡಂದು, ಎತ್ತರದ್ದು ನಿನಗ ನಡ್ಯಂಗಿಲ್ಲ. ಪಟ್ಟಿ ಸ್ಕ್ರೂ ಹಾಕಿ ಕೂಡ್ರಿಸ್ಯಾರ, ಅಂಟ ಹಚ್ಚಿದ್ದಲ್ಲ. ಬಡದ್ರ ಆವಾಜ ಖಣಖಣ ಬರತೈತಿ, ಕೇಳಿದ್ಯಾ? ಇನ್ನೇನ ಬೇಕು?

ಇನ್ನೇನ… ಅಷ್ಟ. ಎಲ್ಲಾ ಹೇಳಿದ್ನಲ್ಲ. ಯಾಕ ಹಂಗ ನೋಡಾಕತ್ತಿ? ನಂಬರಾ? ನಂಬರ ನೋಡೂದೇನೈತಿ, ನಿನ್ನ ಕಾಲಿನ ಅಳತಿ ನನಗ ಗೊತ್ತಿಲ್ಲೇನು! ಕೊಡು, ಲೇಸ ನಾನ ಕಟ್ಟತೇನಿ. ಬಿಗಿ ಆತೇನು? ಬೆರಳ ಯಾಕ ಆಡಸ್ತಿ ಒಳಗ, ಸುಮ್ಮನ ಇಡು. ಅಂದಂಗ, ಬಾಗಲಕೋಟ್ಯಾಗ ಸ್ಟೇಜ್ ಎಂಥಾದು, ಕಟಗೀದೇನು?… ಗ್ರಾನೈಟಾ? ಹ್ಞೂಂ… ಇರಲಿ. ಇರಲಿ.

ಎದ್ಯಾ? ಹಾಕ್ಕೊಂಡ ಹೊಂಟ್ಯಾ? ಡಬ್ಬಿಗೆ ಹಾಕಿ ಕೊಡತೇನಿ ಬಾ… ಸುಮಾ, ಆ ಕಡೆ ಗ್ರಾನೈಟ್ ಮೆಟ್ಟಲ ಐತಿ. ಈಗ ತೊಳದೇನಿ, ಹಸಿ ಐತಿ. ಸುಮಾ? ಬೈ ಬೇಕಾದ್ರ! ಮಾದೇವಿ ನೀ ಹೊಟ್ಟೆಕಿಚ್ಚಿನಾಕಿ ಅನ್ನು…

ಗೊತ್ತಾಗೈತಿ ನಿನಗ.

ಕಾಲ ಇಟ್ಟಾಗ್ಲೇ ಗೊತ್ತಾಗೈತಿ. ಗೊತ್ತಿದ್ದೂ ಲೇಸ ಕಟ್ಟಿಸ್ಕೊಂಡಿ, ನನ್ನ ಬಾಯಿಂದ ಬರತೈತೇನು ನೋಡೂಣಂತ… ಹೌದ! ಒಂದ ನಂಬರ ದೊಡ್ಡದ ಕೊಟ್ಟೇನಿ! ಬೂಟಿಗೆ ನೀ ಇಲ್ಲಿಗೇ ಬರ್ತಿ ಅಂತ ಗೊತ್ತಿತ್ತು, ನಿನಗ ತಿಳೀಬಾರದಂತ ಮುಂಜಾನೇನ ತುದಿಗೆ ಹತ್ತಿ ತುರುಕೇನಿ. ಆ ಮಂದಿ ಮುಂದ, ಆಕಿ ಮುಂದ, ಜಾರಿ ಬೀಳಲಿ ಅಂತ. ಬಿದ್ದ ಮ್ಯಾಲ ಅಳಕೋಂತ ನನ್ನ ಹಂತ್ಯಾಕ ಬರಲಿ ಅಂತ. ಮ್ಯಾಲೆ ಬಸಪ್ಪ, ಒಳಗ ವಿಷಪ್ಪ… ನಿನಗ ಅನ್ನಬೇಕಂತ ಮುಂಜಾನಿಂದ ಬಾಯಾಗ ಇಟ್ಕೊಂಡಿದ್ದೆ ಈ ಮಾತ.

ಸಾಕ, ಬಿಚ್ಚು. ಸುಮಾ, ಬಿಚ್ಚ ಅಂದ್ನೆಲ್ಲ! ನನ್ನ ಮಾರಿ ನೋಡಬ್ಯಾಡ, ಕೆಳಗ ಮೆಟ್ಟಲ ನೋಡು! ಆಕಿ ಜೋಡಿನ ಕುಣಿ, ನಾ ಏನೂ ಅನ್ನಂಗಿಲ್ಲ… ಆ ಕಾಲ ಎತ್ತಬ್ಯಾಡ… ಕೈ ಕೊಡು. ಕೈ ಕೊಡ ನನ್ನವ್ವಾ, ಬೀಳ್ತೀ!